ಕ್ರೀಡಾಂಗಣದಲ್ಲಿ ತೀರ್ಪುಗಾರ ಮತ್ತು ತರಬೇತುದಾರ: ಒಂದು ವಿವೇಚನೆ

ಯಾವುದೇ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯನ್ನು ಪ್ರವೇಶಿಸಿದರೂ ಗಾಜಿನ ಬೀರುವಿನಲ್ಲಿ ಸಾಲಾಗಿ ಇರಿಸಿದ ಪಾರಿತೋಷಕಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲೆ ಆಟದ ಹೆಸರಿದೆ, ವರ್ಷವಿದೆ, ಪಾರಿತೋಷಕವನ್ನು ಕೊಡಮಾಡಿದ ಮಹನೀಯರ ಹೆಸರಿದೆ. ಗೋಡೆಯ ಮೇಲಿನ ಭಾವಚಿತ್ರಗಳಲ್ಲಿ ಗೆದ್ದ ತಂಡದ ಮಕ್ಕಳೂ ಅವರ ಇಕ್ಕೆಲಗಳಲ್ಲಿ ಮುಖ್ಯೋಪಾಧ್ಯಾಯರೂ ದೈಹಿಕ ಶಿಕ್ಷಣ ಶಿಕ್ಷಕರೂ ಕುಳಿತಿರುತ್ತಾರೆ. ಆ ಪಂದ್ಯವನ್ನು ಆಡಿಸಿದವರು ಯಾರು ಎಂಬುದಕ್ಕೆ ಮಾತ್ರ ಎಲ್ಲಿಯೂ ದಾಖಲೆಯಿಲ್ಲ. ಪಂದ್ಯ ಸುಗಮವಾಗಿ ಮುಗಿದರೆ ತೀರ್ಪುಗಾರನನ್ನು ಯಾರೂ ನೆನೆಯುವುದಿಲ್ಲ. ಜಗಳವಾದರೆ ಮಾತ್ರ ಆತನ ಹೆಸರು ಊರೂರಿಗೆ ಹಬ್ಬುತ್ತದೆ.

ಹಲವು ವರ್ಷಗಳ ಕಾಲ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಆಟದ ಬಯಲುಗಳಲ್ಲಿ ಒಮ್ಮೆ ತರಬೇತುದಾರನಾಗಿ, ಒಮ್ಮೆ ತೀರ್ಪುಗಾರನಾಗಿ ನಿಂತ ಈ ಲೇಖಕನಿಗೆ ಆ ಇಬ್ಬರ ನಡುವಣ ಸಂಬಂಧವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಆಸೆ ಬಹುದಿನಗಳಿಂದ ಇತ್ತು. ಶಿಕ್ಷಕ ಬಂಧುಗಳಿಗೆ ಇದು ಅಭ್ಯಾಸದ ಪಾಠವಾಗಲಿ. ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಪಾರಿತೋಷಕದ ಹಿಂದಿರುವ ಒಂದು ಕಾಣದ ಶ್ರಮದ ಪರಿಚಯವಾಗಲಿ ಎಂಬುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ವಿಶೇಷ

ಶಾಲಾ ಕ್ರೀಡಾಕೂಟಗಳು ಹೋಬಳಿ ಅಥವಾ ವಲಯ ಮಟ್ಟದಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಗುಂಪು ಆಟಗಳಲ್ಲಿ ಗೆದ್ದ ತಂಡವೊಂದೇ ಮೇಲಿನ ಮೆಟ್ಟಿಲಿಗೆ ಹೋಗುವುದು. ಸೋತವರಿಗೆ ಆ ವರ್ಷ ಅಲ್ಲಿಗೇ ಮುಗಿಯಿತು. ಹತ್ತನೆಯ ತರಗತಿಯ ಮಕ್ಕಳಿಗಂತೂ ಪ್ರೌಢಶಾಲೆಯ ಆಟವೇ ಅಲ್ಲಿಗೆ ಮುಗಿಯಿತು. ಒಂದು ಅಂಕಕ್ಕೆ ಇಷ್ಟು ಬೆಲೆ ಬಂದಿರುವುದು ಈ ಕಾರಣದಿಂದ.

ಎರಡನೆಯದು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ಇವು ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳು. ಕೆಳಹಂತದ ಕ್ರೀಡಾಕೂಟಗಳು ನಡೆಯುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಮಲೆನಾಡಿನ ಮಳೆ ಇನ್ನೂ ಪೂರ್ಣ ಹಿಂದೆಗೆದಿರುವುದಿಲ್ಲ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಹತ್ತು ಗಂಟೆಯ ಒಂದು ಹನಿಗೆ ಕರಗಿ ಕೆಂಪು ನೀರಿನೊಡನೆ ಹರಿದುಹೋಗುತ್ತದೆ. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯನ್ನು ತರಬೇತುದಾರರ ಮೇಲೆ ಪ್ರಯೋಗಿಸುವುದುಂಟು. ಆದರೆ ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು ಎಂಬುದನ್ನು ಮರೆಯಬಾರದು.

ಮೂರನೆಯದು ದಾರಿ. ಶರಾವತಿಯ ಹಿನ್ನೀರಿನಾಚೆಯ ತುಮರಿ ಕಡೆಯ ಶಾಲೆಗಳವರು ಸಾಗರಕ್ಕೆ ಬಂದರೆ ಸಂಜೆಯ ಕೊನೆಯ ಲಾಂಚಿನ ಹೊತ್ತನ್ನು ಲೆಕ್ಕಹಾಕುತ್ತಲೇ ಆಡಬೇಕಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ೨೦೨೫ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಮೇಲೆ ಆ ಆತಂಕ ನೀಗಿತು. ಆದರೂ ಘಟ್ಟದಂಚಿನ ಊರುಗಳಿಗೆ ಹೋಗುವ ಕೊನೆಯ ಬಸ್ಸಿನ ಚಿಂತೆ ಇಂದಿಗೂ ಇದೆ. ಪಂದ್ಯ ತಡವಾದಷ್ಟೂ ಮಕ್ಕಳನ್ನು ಮನೆ ಮುಟ್ಟಿಸಬೇಕಾದ ಶಿಕ್ಷಕನ ಮನಸ್ಸು ಕಾವೇರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರ ಬೇರೆ, ತರಬೇತುದಾರ ಬೇರೆ. ಅವರ ವೃತ್ತಿಯೇ ಬೇರೆ ಬೇರೆ. ನಮ್ಮ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಹಾಗಲ್ಲ. ಬೆಳಿಗ್ಗೆ ತನ್ನ ಶಾಲೆಯ ವಾಲಿಬಾಲ್ ತಂಡಕ್ಕೆ ತರಬೇತುದಾರನಾಗಿ ನಿಂತ ಶಿಕ್ಷಕನೇ ಮಧ್ಯಾಹ್ನ ಬೇರೆ ಶಾಲೆಗಳ ಕಬಡ್ಡಿಗೆ ಸೀಟಿ ಊದುತ್ತಾನೆ. ಇಂದು ಯಾರ ತೀರ್ಪನ್ನು ನಾನು ಜರೆದೆನೋ ಅವರೇ ನಾಳೆ ನನ್ನ ತೀರ್ಪಿಗೆ ಒಳಪಡುತ್ತಾರೆ. ಆದುದರಿಂದ ಇಲ್ಲಿನ ಜಗಳ ಪಂದ್ಯದೊಡನೆ ಮುಗಿಯುವುದಿಲ್ಲ. ಸಭೆಗಳಿಗೂ ತರಬೇತಿ ಶಿಬಿರಗಳಿಗೂ ಮುಂದಿನ ವರ್ಷದ ಕ್ರೀಡಾಕೂಟಕ್ಕೂ ಹಿಂಬಾಲಿಸಿ ಬರುತ್ತದೆ.

ತರಬೇತುದಾರ ಏಕೆ ಸಿಡಿಯುತ್ತಾನೆ

ಸಿಡಿಮಿಡಿಗೊಂಡ ತರಬೇತುದಾರನನ್ನು ದುಷ್ಟನೆಂದು ಭಾವಿಸುವ ತೀರ್ಪುಗಾರ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ಜೂನ್ ತಿಂಗಳಿಂದ ಪ್ರತಿ ಸಂಜೆ ಮಕ್ಕಳೊಡನೆ ಕೆಸರಿನಲ್ಲಿ ನಿಂತವನು ಆತ. ತನ್ನ ಕೈಯಿಂದ ಹಣ ಹಾಕಿ ಬಾಳೆಹಣ್ಣು, ಬೆಲ್ಲ ತಂದುಕೊಟ್ಟವನು ಆತ. ಪಂದ್ಯದ ವೇಳೆ ಮುಖ್ಯೋಪಾಧ್ಯಾಯರು, ಪೋಷಕರು, ಊರಿನ ಹಿರಿಯರು ತನ್ನನ್ನು ನೋಡುತ್ತಿದ್ದಾರೆಂಬ ಅರಿವು ಆತನಿಗಿದೆ. ಮಕ್ಕಳ ಪರವಾಗಿ ಮಾತನಾಡದಿದ್ದರೆ ಅವರ ವಿಶ್ವಾಸ ಕಳೆದುಕೊಳ್ಳುವೆನೆಂಬ ಭಯವೂ ಇದೆ. ಇವು ಸಹಜವಾದ ಕಾರಣಗಳು.

ಇನ್ನೊಂದು ಕಾರಣ ನಿಯಮಗಳ ಬದಲಾವಣೆ. ಆಟಗಳ ನಿಯಮಗಳು ಕೆಲವು ವರ್ಷಗಳಿಗೊಮ್ಮೆ ತಿದ್ದುಪಡಿಯಾಗುತ್ತವೆ. ತಾನು ಆಡುತ್ತಿದ್ದ ಕಾಲದ ನಿಯಮವೇ ಈಗಲೂ ಇದೆಯೆಂದು ನಂಬಿದ ತರಬೇತುದಾರನೂ ಹೊಸ ಪುಸ್ತಕವನ್ನು ಓದಿ ಬಂದ ತೀರ್ಪುಗಾರನೂ ಎದುರಾದಾಗ ಇಬ್ಬರೂ ಪ್ರಾಮಾಣಿಕವಾಗಿಯೇ ಜಗಳವಾಡುತ್ತಾರೆ. ಕಡೆಯದಾಗಿ, ಎದುರಾಳಿಯನ್ನು ಕಂಗೆಡಿಸಲೆಂದೋ ಮುಂದಿನ ತೀರ್ಪನ್ನು ತನ್ನ ಕಡೆಗೆ ಒಲಿಸಿಕೊಳ್ಳಲೆಂದೋ ಬೇಕೆಂದೇ ಕೂಗಾಡುವವರೂ ಉಂಟು. ಇವರ ಸಂಖ್ಯೆ ಕಡಮೆ. ಎಲ್ಲರನ್ನೂ ಈ ಕಡೆಯ ಗುಂಪಿಗೆ ಸೇರಿಸುವುದು ಅನ್ಯಾಯ.

ನಿಯಮಗಳು ಕೊಡುವ ಬಲ

ತೀರ್ಪುಗಾರನ ಬಲ ದನಿಯಲ್ಲಿಲ್ಲ, ನಿಯಮದಲ್ಲಿದೆ. ವಾಲಿಬಾಲಿನಲ್ಲಿ ರೆಫರಿಯೊಡನೆ ಮಾತನಾಡುವ ಅಧಿಕಾರ ತಂಡದ ನಾಯಕನಿಗೆ ಮಾತ್ರ. ಅದೂ ಚೆಂಡು ಆಟದಲ್ಲಿ ಇಲ್ಲದಾಗ, ವಿವರಣೆ ಕೇಳುವುದಕ್ಕಾಗಿ. ವಿವರಣೆ ಒಪ್ಪಿಗೆಯಾಗದಿದ್ದರೆ ಪ್ರತಿಭಟನೆಯನ್ನು ದಾಖಲಿಸುವ ಹಕ್ಕನ್ನು ಕೂಡಲೇ ಕಾದಿರಿಸಿಕೊಂಡು, ಪಂದ್ಯ ಮುಗಿದ ಮೇಲೆ ಅಂಕಪಟ್ಟಿಯಲ್ಲಿ ಬರೆಸಬಹುದು. ಶಿಸ್ತುಕ್ರಮಕ್ಕೂ ಮೆಟ್ಟಿಲುಗಳಿವೆ. ಸಣ್ಣ ತಪ್ಪಿಗೆ ಮೊದಲು ನಾಯಕನ ಮೂಲಕ ಬಾಯಿಮಾತಿನ ಎಚ್ಚರಿಕೆ, ಅನಂತರ ಹಳದಿ ಕಾರ್ಡು. ಅಸಭ್ಯ ವರ್ತನೆಗೆ ಕೆಂಪು ಕಾರ್ಡು. ಆಗ ಎದುರಾಳಿಗೆ ಒಂದು ಅಂಕವೂ ಸರ್ವಿಸೂ ದೊರೆಯುತ್ತವೆ. ನಿಂದೆಗೆ ಎರಡೂ ಕಾರ್ಡುಗಳನ್ನು ಒಂದೇ ಕೈಯಲ್ಲಿ ತೋರಿಸಿ ಆ ಸೆಟ್ಟಿನ ಮಟ್ಟಿಗೆ ಹೊರಕಳುಹಿಸುವುದು; ಹಲ್ಲೆಗೆ ಬೇರೆ ಬೇರೆ ಕೈಗಳಲ್ಲಿ ತೋರಿಸಿ ಇಡೀ ಪಂದ್ಯದಿಂದಲೇ ಹೊರಹಾಕುವುದು. ಈ ಕ್ರಮ ಆಟಗಾರನಿಗೂ ತರಬೇತುದಾರನಿಗೂ ಒಂದೇ.

ಕಬಡ್ಡಿಯಲ್ಲಿ ಹಸಿರು ಕಾರ್ಡು ಎಚ್ಚರಿಕೆ, ಹಳದಿ ಕಾರ್ಡು ಎರಡು ನಿಮಿಷಗಳ ಅಮಾನತು, ಕೆಂಪು ಕಾರ್ಡು ಪಂದ್ಯದಿಂದ ಉಚ್ಚಾಟನೆ. ಫುಟ್‌ಬಾಲಿನಲ್ಲಿ ೨೦೧೯ರಿಂದ ತಂಡದ ಅಧಿಕಾರಿಗಳಿಗೂ ಹಳದಿ, ಕೆಂಪು ಕಾರ್ಡುಗಳನ್ನು ತೋರಿಸುವ ನಿಯಮ ಬಂದಿತು. ತಪ್ಪು ಮಾಡಿದವನು ಯಾರೆಂದು ಗುರುತಿಸಲಾಗದಿದ್ದರೆ ಆ ಕಾರ್ಡು ಅಲ್ಲಿರುವ ಹಿರಿಯ ತರಬೇತುದಾರನ ಪಾಲಿಗೆ ಬರುತ್ತದೆ. ಕ್ರಿಕೆಟ್ಟಿನ ೨೦೧೭ರ ನಿಯಮಾವಳಿ ದುರ್ನಡತೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಎಚ್ಚರಿಕೆಯಿಂದ ಹಿಡಿದು ಪಂದ್ಯದಿಂದ ಹೊರಹಾಕುವವರೆಗೆ ಅಂಪೈರರಿಗೆ ಅಧಿಕಾರ ನೀಡಿದೆ.

ಇಷ್ಟೆಲ್ಲ ಮೆಟ್ಟಿಲುಗಳನ್ನು ಕಟ್ಟಿರುವುದೇಕೆ? ಮೊದಲ ತಪ್ಪಿಗೇ ಕಡೆಯ ದಂಡನೆ ವಿಧಿಸಬಾರದೆಂದು, ಹಾಗೆಯೇ ಕಡೆಯ ತಪ್ಪಿನವರೆಗೂ ಸುಮ್ಮನಿರಬಾರದೆಂದು. ಮೊದಲ ಕೂಗಾಟವನ್ನು ಕೇಳಿಸಿಕೊಳ್ಳದವನಂತೆ ನಟಿಸಿ, ಐದನೆಯದಕ್ಕೆ ಏಕಾಏಕಿ ಕೆಂಪು ಕಾರ್ಡು ತೋರಿಸುವ ತೀರ್ಪುಗಾರ ನಿಯಮವನ್ನು ಬಲ್ಲವನಲ್ಲ.

ನಮ್ಮ ನೆಲದ ಒಂದು ನೆನಪನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ೧೬೪೫ರಿಂದ ೧೬೬೦ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ಭೂಮಿಯನ್ನು ಅದರ ಸತ್ತ್ವಕ್ಕೆ ತಕ್ಕಂತೆ ವರ್ಗ ಮಾಡಿಸಿ ಕಂದಾಯವನ್ನು ಮುಂಚಿತವಾಗಿ ಗೊತ್ತುಪಡಿಸಿದ ಏರ್ಪಾಡು ‘ಶಿಸ್ತು’ ಎಂದೇ ಹೆಸರಾಯಿತು. ಕೊಡಬೇಕಾದುದೆಷ್ಟು ಎಂಬುದು ಕೊಡುವವನಿಗೂ ಪಡೆಯುವವನಿಗೂ ಮೊದಲೇ ತಿಳಿದಿದ್ದರೆ ವ್ಯಾಜ್ಯಕ್ಕೆ ಎಡೆ ಕಡಮೆ. ಆಟದ ಶಿಸ್ತೂ ಇದೇ ಬಗೆಯದು. ಅಳತೆ ಮೊದಲು, ಆಟ ಆಮೇಲೆ.

ದೊಡ್ಡ ಅಂಗಣಗಳಿಂದ ಮೂರು ಪಾಠಗಳು

ಮೊದಲನೆಯದು ನಮ್ಮ ರಾಜಧಾನಿಯಲ್ಲಿಯೇ ನಡೆದುದು. ೨೦೨೩ರ ಮಾರ್ಚ್ ೩ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಬೆಂಗಳೂರು ಹಾಗೂ ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಸೋತವರು ಹೊರಬೀಳುವ ಪಂದ್ಯ. ನಿಗದಿತ ಅವಧಿಯಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯ ೯೬ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಇನ್ನೂ ಸಿದ್ಧರಾಗುತ್ತಿರುವಾಗಲೇ ಸುನಿಲ್ ಛೇತ್ರಿ ಚೆಂಡನ್ನು ಗೋಲಿಗೆ ಒದ್ದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಸಾರಿದರು. ಸೀಟಿ ಆಗಿರಲಿಲ್ಲ, ತಮ್ಮವರು ಗೋಡೆ ಕಟ್ಟುತ್ತಿದ್ದರು ಎಂಬುದು ಕೇರಳದ ವಾದ. ರೆಫರಿಗೆ ತಿಳಿಸಿಯೇ ಒದ್ದುದಾಗಿ ಛೇತ್ರಿ ಹೇಳಿದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಅಂಗಣದಿಂದ ಹೊರಗೆ ಕರೆದರು, ತಂಡ ಮರಳಲಿಲ್ಲ. ರೆಫರಿ ಕಾದು, ಪಂದ್ಯದ ಅಧಿಕಾರಿಯೊಡನೆ ಸಮಾಲೋಚಿಸಿ, ಪಂದ್ಯ ಮುಗಿಯಿತೆಂದು ಸಾರಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ತಂಡಕ್ಕೆ ೪ ಕೋಟಿ ರೂಪಾಯಿಗಳ ದಂಡವನ್ನೂ ತರಬೇತುದಾರರಿಗೆ ೧೦ ಪಂದ್ಯಗಳ ನಿಷೇಧ ಹಾಗೂ ೫ ಲಕ್ಷ ರೂಪಾಯಿಗಳ ದಂಡವನ್ನೂ ವಿಧಿಸಿತು.

ಫುಟ್‌ಬಾಲಿನ ನಿಯಮದಂತೆ ಫ್ರೀ ಕಿಕ್ಕನ್ನು ಬೇಗನೆ ತೆಗೆದುಕೊಳ್ಳಬಹುದು. ಸೀಟಿಗಾಗಿ ಕಾಯಬೇಕೆಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಆ ಸೂಚನೆ ಇತ್ತೋ ಇಲ್ಲವೋ ಎಂಬುದು ಎಲ್ಲರಿಗೂ ಕಾಣುವಂತಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ತೀರ್ಪುಗಾರನ ಸಂಜ್ಞೆ ತೀರ್ಪಿನಷ್ಟೇ ಮುಖ್ಯವೆಂಬುದು ಇಲ್ಲಿನ ಒಂದು ಪಾಠ. ಇನ್ನೊಂದು ಪಾಠ ತರಬೇತುದಾರನಿಗೆ. ಆಗ ಆಟದಲ್ಲಿ ಇನ್ನೂ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ಕಾಲ ಉಳಿದಿತ್ತು. ಒಂದು ಗೋಲನ್ನು ಹಿಂದಿರುಗಿಸಲು ಅದು ಸಾಲದ ಹೊತ್ತಲ್ಲ. ತಂಡವನ್ನು ಹೊರಗೆ ಕರೆದ ಕ್ಷಣದಲ್ಲಿ ಆ ಅವಕಾಶವನ್ನು ಕಳೆದವರು ರೆಫರಿಯಲ್ಲ.

ಎರಡನೆಯದು ಅದೇ ವರ್ಷದ ಅಕ್ಟೋಬರ್ ೭ರಂದು ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ನಡೆದ ಪುರುಷರ ಕಬಡ್ಡಿ ಅಂತಿಮ ಪಂದ್ಯ. ಭಾರತ, ಇರಾನ್ ೨೮–೨೮ರಲ್ಲಿ ಸಮ. ಒಂದು ನಿಮಿಷ ಚಿಲ್ಲರೆ ಉಳಿದಿದೆ. ಭಾರತದ ನಾಯಕ ಪವನ್ ಸೆಹ್ರಾವತ್ ರೈಡಿಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯಲೆಂದು ಇರಾನಿನ ರಕ್ಷಕರೂ ಲಾಬಿಗೆ ಬಂದರು. ರೈಡರ್ ಒಬ್ಬನೇ ಔಟೋ, ಹಿಂಬಾಲಿಸಿದ ರಕ್ಷಕರೂ ಔಟೋ? ಹಳೆಯ ನಿಯಮವೊಂದು, ಹೊಸ ನಿಯಮವೊಂದು. ತೀರ್ಪು ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. ಎರಡೂ ತಂಡಗಳವರು ಸರದಿಯಂತೆ ಪ್ರತಿಭಟಿಸಿದರು. ಆಟಗಾರರು ಅಂಕಣದಲ್ಲಿಯೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕಡೆಗೆ ಭಾರತ ೩೩–೨೯ರಿಂದ ಗೆದ್ದು ಚಿನ್ನ ಪಡೆಯಿತು.

ಇಲ್ಲಿ ತರಬೇತುದಾರರನ್ನು ಕಠಿಣರೆಂದು ದೂಷಿಸಿ ಪ್ರಯೋಜನವಿಲ್ಲ. ಪ್ರತಿಭಟಿಸಿದವರಿಗೆ ತೀರ್ಪು ಒಲಿಯುವುದನ್ನು ಕಂಡ ಮೇಲೆ ಯಾವ ತರಬೇತುದಾರ ಸುಮ್ಮನಿದ್ದಾನು? ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಪಂದ್ಯಕ್ಕೆ ಮೊದಲೇ ಎರಡೂ ಕಡೆಯವರ ಮುಂದೆ ಓದಿ ಹೇಳಬೇಕು; ತೀರ್ಪುಗಾರರು ತಮ್ಮತಮ್ಮಲ್ಲಿ ಒಮ್ಮತಕ್ಕೆ ಬಂದ ಮೇಲೆಯೇ ಕೈ ಎತ್ತಬೇಕು.

ಮೂರನೆಯ ಪಾಠ ಕ್ರಿಕೆಟ್ಟಿನದು. ೧೯೮೧ರ ಫೆಬ್ರವರಿಯಲ್ಲಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್. ನಾಯಕ ಸುನಿಲ್ ಗಾವಸ್ಕರ್ ೭೦ ಓಟಗಳಿಸಿದ್ದಾಗ ಅಂಪೈರ್ ರೆಕ್ಸ್ ವೈಟ್‌ಹೆಡ್ ಎಲ್.ಬಿ. ತೀರ್ಪು ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿತ್ತೆಂದು ನಂಬಿದ್ದ ಗಾವಸ್ಕರ್ ಕೆರಳಿ, ಜೊತೆಗಾರ ಚೇತನ್ ಚೌಹಾನರನ್ನೂ ಕರೆದುಕೊಂಡು ಹೊರನಡೆದರು. ಗಡಿಗೆರೆಯ ಬಳಿ ತಂಡದ ವ್ಯವಸ್ಥಾಪಕ ವಿಂಗ್ ಕಮಾಂಡರ್ ಷಾಹಿದ್ ದುರಾನಿ ಎದುರಾಗಿ ಚೌಹಾನರನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಆಟ ಮುಂದುವರಿಯಿತು. ಆಸ್ಟ್ರೇಲಿಯ ೮೩ ಓಟಗಳಿಗೆ ಕುಸಿದು ಭಾರತ ೫೯ ಓಟಗಳಿಂದ ಗೆದ್ದಿತು. ತಮ್ಮ ಆ ನಡೆಗಾಗಿ ಗಾವಸ್ಕರ್ ಮುಂದೆ ವಿಷಾದ ವ್ಯಕ್ತಪಡಿಸಿದರು. ಗೆರೆಯ ಬಳಿ ವ್ಯವಸ್ಥಾಪಕರು ನಿಲ್ಲದೆ ಹೋಗಿದ್ದರೆ ಆ ಗೆಲುವು ಇರುತ್ತಿರಲಿಲ್ಲ.

ಅದೇ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲಿ ೧೧೪ ಓಟಗಳಿಸಿ ತಂಡವನ್ನು ಎತ್ತಿಹಿಡಿದವರು ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥ್. ಅದಕ್ಕೆ ಒಂದು ವರ್ಷ ಹಿಂದೆ, ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡಿನ ಐದು ವಿಕೆಟ್ಟುಗಳು ೫೮ಕ್ಕೆ ಉರುಳಿದ್ದವು. ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್ ಮನವಿಯನ್ನು ಹಿಂತೆಗೆದುಕೊಂಡು ಟೇಲರರನ್ನು ಮರಳಿ ಆಡಿಸಿದರು. ಟೇಲರ್, ಇಯಾನ್ ಬಾಥಮ್ ಜೋಡಿ ೧೭೧ ಓಟ ಸೇರಿಸಿತು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ನಿಯಮ ನಾಯಕನಿಗೆ ಕೊಟ್ಟ ದಾರಿಯಲ್ಲಿ, ಅಂಪೈರರ ಗೌರವಕ್ಕೆ ಕುಂದು ಬಾರದಂತೆ, ತಪ್ಪು ತೀರ್ಪನ್ನು ಸರಿಪಡಿಸಿದ ನಿದರ್ಶನ ಇದು. ವಿಶ್ವನಾಥರನ್ನು ಅಂತಾರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ೧೯೯೯ರಲ್ಲಿ ಪಂದ್ಯಗಳ ರೆಫರಿಯಾಗಿ ನೇಮಿಸಿತು.

ತೀರ್ಪುಗಾರನ ಕಾರ್ಯಕ್ರಮ

ಇನ್ನು ನಮ್ಮ ಬಯಲುಗಳಿಗೆ ಹಿಂದಿರುಗೋಣ. ಕಿರಿಯ ಶಿಕ್ಷಕ ಮಿತ್ರರಿಗೆ ಅನುಭವದಿಂದ ಹೇಳಬಹುದಾದ ಕ್ರಮ ಹೀಗಿದೆ.

ಪಂದ್ಯಕ್ಕೆ ಮೊದಲು: ಅಂಕಣವನ್ನು ತರಬೇತುದಾರರಿಬ್ಬರ ಸಮಕ್ಷಮದಲ್ಲಿ ಟೇಪು ಹಿಡಿದು ಅಳೆಯತಕ್ಕದ್ದು. ಪುರುಷರ ಕಬಡ್ಡಿ ಅಂಕಣ ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ಮಧ್ಯದ ಗೆರೆಯಿಂದ ೩.೭೫ ಮೀಟರಿಗೆ ಬಾಕ್ ಗೆರೆ, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಗೆರೆ. ಚಿಕ್ಕವರಿಗೆ ಅಳತೆ ಬೇರೆ. ಗೆರೆ ಅಳಿಸಿದಾಗ ಮತ್ತೆ ಎಳೆಯಲು ಸುಣ್ಣವೂ ಒಬ್ಬ ಆಳೂ ಸಿದ್ಧವಿರಬೇಕು. ನಾಯಕರನ್ನೂ ತರಬೇತುದಾರರನ್ನೂ ಕರೆದು ಅನುಮಾನಕ್ಕೆ ಎಡೆಯಿರುವ ಎರಡು ಮೂರು ನಿಯಮಗಳನ್ನು ಓದಿ ಹೇಳಬೇಕು. ತನ್ನ ಶಾಲೆಯ ಅಥವಾ ತನ್ನ ಶಾಲೆಯ ಮುಂದಿನ ಎದುರಾಳಿಯ ಪಂದ್ಯಕ್ಕೆ ನಿಲ್ಲಲು ಹೇಳಿದರೆ ವಿನಯದಿಂದ ನಿರಾಕರಿಸಬೇಕು. ತೀರ್ಪು ನ್ಯಾಯವಾಗಿದ್ದರೆ ಸಾಲದು, ನ್ಯಾಯವೆಂದು ಕಾಣಬೇಕು.

ಪಂದ್ಯದ ನಡುವೆ: ಸೀಟಿ ಗಟ್ಟಿಯಾಗಿರಲಿ, ಮಾತು ಮೆದುವಾಗಿರಲಿ. ತರಬೇತುದಾರ ಕೂಗಿದರೆ ತಿರುಗಿ ಕೂಗಬಾರದು. ಹತ್ತಿರ ಹೋಗಿ, ನೆರೆದವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಮೇಷ್ಟ್ರೇ, ನಿಮ್ಮ ನಾಯಕನನ್ನು ಕಳುಹಿಸಿ, ಅವನಿಗೆ ವಿವರಿಸುತ್ತೇನೆ” ಎಂದರೆ ಅರ್ಧ ಜಗಳ ಅಲ್ಲಿಗೇ ಇಳಿಯುತ್ತದೆ. ಜನರೆದುರು ಮುಖಭಂಗವಾದವನು ಸರಿಯಾದ ಮಾತನ್ನೂ ಒಪ್ಪಲಾರ. ವಿವರಣೆಯನ್ನು ಒಮ್ಮೆ ಕೊಡಬೇಕು, ಎರಡನೆಯ ಸಲ ಆಟ ಆರಂಭಿಸಬೇಕು. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ಮಾತು ಬಲ್ಲವನೆಂದರೆ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನು. ಅಷ್ಟಕ್ಕೂ ನಿಲ್ಲದಿದ್ದರೆ ಮುಖದಲ್ಲಿ ಕೋಪವಿಲ್ಲದೆ ಎಚ್ಚರಿಕೆ, ಅನಂತರ ಕಾರ್ಡು. ಕಾರ್ಡು ತೋರಿಸುವಾಗ ಉಪದೇಶ ಬೇಡ.

ತೀರ್ಪುಗಳಲ್ಲಿ ಎರಡು ಬಗೆಯೆಂಬುದನ್ನು ಇಬ್ಬರೂ ಅರಿತಿರಬೇಕು. ಕಾಲು ಗೆರೆ ದಾಟಿತೋ ಇಲ್ಲವೋ ಎಂಬುದು ಕಣ್ಣಿನ ತೀರ್ಪು. ಅದರ ಮೇಲೆ ವಾದವಿಲ್ಲ. ಅಂಕಣದಲ್ಲಿ ಐದೇ ರಕ್ಷಕರಿದ್ದಾಗ ಬೋನಸ್ ಅಂಕ ಕೊಟ್ಟರೆ ಅದು ನಿಯಮದ ತಪ್ಪು. ಆರು ಮಂದಿಯಾದರೂ ಇಲ್ಲದೆ ಬೋನಸ್ ಇಲ್ಲ. ಮೊದಲನೆಯದನ್ನು ತರಬೇತುದಾರ ನುಂಗಿಕೊಳ್ಳಬೇಕು. ಎರಡನೆಯದನ್ನು ತೀರ್ಪುಗಾರ ಪುಸ್ತಕ ತೆರೆದು, ಆಟ ಪುನರಾರಂಭವಾಗುವ ಮುನ್ನ ಸರಿಪಡಿಸಬೇಕು. ತಪ್ಪನ್ನು ಒಪ್ಪಿಕೊಂಡ ತೀರ್ಪುಗಾರ ಚಿಕ್ಕವನಾಗುವುದಿಲ್ಲ. ಹಿಂದಿನ ತಪ್ಪಿಗೆ ಪರಿಹಾರವೆಂದು ಮುಂದಿನ ಅಂಕವನ್ನು ಇನ್ನೊಬ್ಬರಿಗೆ ದಾನ ಮಾಡುವವನು ಮಾತ್ರ ಎರಡು ತಪ್ಪುಗಳ ಒಡೆಯನಾಗುತ್ತಾನೆ.

ಪಂದ್ಯದ ಅನಂತರ: ಅಂಕಪಟ್ಟಿಗೆ ಇಬ್ಬರು ನಾಯಕರ ಸಹಿ ಪಡೆದು, ಆಕ್ಷೇಪಣೆಯಿದ್ದರೆ ಬರೆದು ಕೊಡುವಂತೆ ಹೇಳಬೇಕು. ನಡೆದುದನ್ನು ಸಂಘಟಕರಿಗೆ ವರದಿ ಮಾಡುವಾಗ ಆಡಿದ ಮಾತನ್ನೂ ಮಾಡಿದ ಕೆಲಸವನ್ನೂ ಮಾತ್ರ ಬರೆಯಬೇಕು. ಆತ ಎಂಥವನೆಂಬ ಅಭಿಪ್ರಾಯವನ್ನು ಬರೆಯಬಾರದು. ಸಂಜೆ ಚಹಾದ ಹೊತ್ತಿಗೆ ಆ ತರಬೇತುದಾರನ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕು.

ಒಂದು ಸ್ವಂತ ಅನುಭವ

ಇಷ್ಟೆಲ್ಲ ಬರೆಯಲು ಈ ಲೇಖಕನಿಗೆ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ, ತಪ್ಪು ಮಾಡಿದವನ ಅಧಿಕಾರ ಎಂದೇ ಉತ್ತರ ಹೇಳಬೇಕಾಗುತ್ತದೆ.

ನಾನು ಸೇವೆಗೆ ಸೇರಿದ ಹೊಸತು. ಈ ಮೂರು ತಾಲ್ಲೂಕುಗಳ ಪೈಕಿ ಒಂದರ ಕ್ರೀಡಾಕೂಟದಲ್ಲಿ ನನ್ನ ಹುಡುಗರು ಕಬಡ್ಡಿಯ ಅಂತಿಮ ಪಂದ್ಯಕ್ಕೆ ಬಂದಿದ್ದರು. ಬೆಳಗಿನಿಂದ ಜಿಟಿಜಿಟಿ ಮಳೆ. ಎರಡನೆಯ ಅವಧಿಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಹತ್ತನೆಯ ತರಗತಿಯ ನಮ್ಮ ಮುಖ್ಯ ರೈಡರ್ ಬೋನಸ್ ಗೆರೆಯಾಚೆ ಕಾಲು ಚಾಚಿ ಬಂದ. ಅಂಪೈರರು ಅಂಕ ಕೊಡಲಿಲ್ಲ. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಶಿಕ್ಷಕರು. ನಾನು ಅಂಕಣದೊಳಕ್ಕೆ ನುಗ್ಗಿದೆ, ಆಡಬಾರದ ಮಾತನಾಡಿದೆ, ಮೇಜಿನ ಮೇಲಿದ್ದ ಅಂಕಪಟ್ಟಿಯನ್ನು ಕಿತ್ತುಕೊಂಡೆ. ಅವರು ದನಿಯೆತ್ತಲಿಲ್ಲ. “ಇನ್ನೂ ಮೂರು ನಿಮಿಷ ಇದೆ ಮೇಷ್ಟ್ರೇ. ಹುಡುಗರು ಆಡಲಿ. ನಿಮ್ಮ ಮಾತನ್ನು ಪಂದ್ಯ ಮುಗಿದ ಮೇಲೆ ಪೂರ್ತಿ ಕೇಳುತ್ತೇನೆ” ಎಂದರು. ನಾನು ಕೇಳಲಿಲ್ಲ. ತಂಡವನ್ನು ಕರೆದುಕೊಂಡು ಹೊರಟೆ. ಅವರು ನಿಯಮದಂತೆ ಕಾದು ಎದುರಾಳಿಗೆ ಪಂದ್ಯ ಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಹುಡುಗರು ಯಾರೂ ಮಾತನಾಡಲಿಲ್ಲ. ನಾನು ನ್ಯಾಯಕ್ಕಾಗಿ ಹೋರಾಡಿದ ವೀರನೆಂಬ ಭಾವದಲ್ಲಿದ್ದೆ. ಇಳಿಯುವ ಹೊತ್ತಿಗೆ ಆ ರೈಡರ್ ಹುಡುಗ ನನ್ನ ಬಳಿ ಬಂದು, “ಸಾರ್, ಇನ್ನೂ ಎರಡು ಮೂರು ರೈಡ್ ಸಿಗುತ್ತಿತ್ತಲ್ಲ ಸಾರ್?” ಎಂದ. ಆಕ್ಷೇಪಣೆಯ ದನಿ ಅದಲ್ಲ. ಲೆಕ್ಕ ಕೇಳುವ ದನಿ. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಪರೀಕ್ಷೆ ಮುಗಿಸಿ ಅವನು ಮನೆಯ ತೋಟದ ಕೆಲಸಕ್ಕೆ ನಿಂತ. ಮತ್ತೆ ಅಂಕಣಕ್ಕೆ ಇಳಿದುದನ್ನು ನಾನು ಕಾಣೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆನ್ನುತ್ತಾರೆ. ನಾನು ಕೊಯ್ದುದು ನನ್ನ ಮೂಗನ್ನಲ್ಲ, ಆ ಹುಡುಗನ ಮೂರು ನಿಮಿಷಗಳನ್ನು.

ಕೆಲವು ವರ್ಷಗಳ ಮೇಲೆ ನಾನೇ ಸೀಟಿ ಹಿಡಿದು ನಿಂತಿದ್ದಾಗ ಒಬ್ಬ ತರುಣ ಶಿಕ್ಷಕ ಹಾಗೆಯೇ ನುಗ್ಗಿಬಂದ. ನನ್ನ ಬಾಯಿಯಲ್ಲಿ ಆ ಹಿರಿಯರ ಮಾತೇ ಬಂದಿತು. ಆತ ನನಗಿಂತ ವಿವೇಕಿ. ನಿಂತ, ತಂಡವನ್ನು ಆಡಿಸಿದ, ಸೋತ, ಆಕ್ಷೇಪಣೆಯನ್ನು ಬರೆದುಕೊಟ್ಟು ಹೋದ. ಅಂದೇ ನಾನು ನಿವೃತ್ತರಾಗಿದ್ದ ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, “ಆ ಹೊತ್ತಿಗೆ ಗೆರೆ ಅಳಿಸಿಹೋಗಿತ್ತು ಮೇಷ್ಟ್ರೇ. ನಿಮ್ಮ ಹುಡುಗ ದಾಟಿದ್ದರೂ ದಾಟಿರಬಹುದು. ಕಾಣದ್ದನ್ನು ಕೊಡಲು ಬರುವುದಿಲ್ಲ. ವಿರಾಮದಲ್ಲಿ ಮತ್ತೊಮ್ಮೆ ಗೆರೆ ಎಳೆಸಬೇಕಿತ್ತು, ಅದು ನನ್ನ ತಪ್ಪು” ಎಂದರು. ಅಂದಿನಿಂದ ನಾನು ಸುಣ್ಣದ ಡಬ್ಬಿಯಿಲ್ಲದೆ ಅಂಕಣಕ್ಕೆ ಇಳಿದವನಲ್ಲ.

ಸಂಸ್ಥೆಗಳೂ ದಾನಿಗಳೂ ಮಾಡಬಹುದಾದುದು

ಈ ಹೊಣೆ ಇಬ್ಬರು ವ್ಯಕ್ತಿಗಳದು ಮಾತ್ರವಲ್ಲ. ಪ್ರತಿ ಶಾಲೆಯ ಗ್ರಂಥಾಲಯದಲ್ಲಿ ಪ್ರತಿ ಆಟದ ಇತ್ತೀಚಿನ ನಿಯಮಪುಸ್ತಕ ಇರುವಂತೆ ಆಡಳಿತ ಮಂಡಳಿಗಳು ನೋಡಿಕೊಳ್ಳಬೇಕು. ಅದರ ಬೆಲೆ ಒಂದು ಪಾರಿತೋಷಕದ ಬೆಲೆಗಿಂತ ಬಹಳ ಕಡಮೆ. ಮಳೆಯಲ್ಲ್ಲಿ ಅಳಿಯದ ಗೆರೆಗಾಗಿ ನೆಲಕ್ಕೆ ಬಿಗಿಯುವ ಪಟ್ಟಿ ಅಥವಾ ಹಗ್ಗವನ್ನು ದಾನಿಗಳು ಒದಗಿಸಿಕೊಟ್ಟರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ. ಒಂದು ತಾಲ್ಲೂಕಿನ ಅಂತಿಮ ಪಂದ್ಯಗಳಿಗೆ ನೆರೆಯ ತಾಲ್ಲೂಕಿನ ಶಿಕ್ಷಕರನ್ನು ಕರೆಸುವ ಏರ್ಪಾಡಾದರೆ ಪಕ್ಷಪಾತದ ಮಾತೇ ಏಳದು. ಸಾಗರಕ್ಕೂ ಹೊಸನಗರಕ್ಕೂ ತೀರ್ಥಹಳ್ಳಿಗೂ ಇರುವ ದೂರ ಅದಕ್ಕೆ ಅಡ್ಡಿಯಾಗುವಷ್ಟಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೈಹಿಕ ಶಿಕ್ಷಕನ ಯೋಗ್ಯತೆಯನ್ನು ಬೀರುವಿನ ಪಾರಿತೋಷಕಗಳ ಎಣಿಕೆಯಿಂದ ಅಳೆಯುವ ಅಭ್ಯಾಸವನ್ನು ನಾವು ಬಿಡಬೇಕು. ಆ ಅಳತೆಗೋಲೇ ಆತನನ್ನು ಅಂಕಣದೊಳಕ್ಕೆ ನೂಕುವುದು.

ಮಕ್ಕಳು ನಿಯಮವನ್ನು ಪುಸ್ತಕದಿಂದ ಕಲಿಯುತ್ತಾರೆ. ನಿಯಮವನ್ನು ಗೌರವಿಸುವುದನ್ನು ತಮ್ಮ ಮೇಷ್ಟರನ್ನು ನೋಡಿ ಕಲಿಯುತ್ತಾರೆ. ತನಗೆ ಪ್ರತಿಕೂಲವಾದ ತೀರ್ಪನ್ನು ತರಬೇತುದಾರ ತಲೆಬಾಗಿ ಸ್ವೀಕರಿಸಿದ ದಿನ ಆ ತಂಡ ಪಂದ್ಯವನ್ನು ಸೋತರೂ ಒಂದು ಪಾಠವನ್ನು ಪಡೆದು ಮನೆಗೆ ಹೋಗುತ್ತದೆ. ಮುಂದಿನ ವರ್ಷದ ಕ್ರೀಡಾಕೂಟದ ಭಾವಚಿತ್ರ ತೆಗೆಯುವಾಗ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ದೂರ ನಿಂತಿರುವ ಆ ಶಿಕ್ಷಕರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿರೆಂದು ಎಲ್ಲ ಸಂಸ್ಥೆಗಳಲ್ಲಿಯೂ ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.